ಎಂಸಿಬಿ ಎಲ್ಲ ಇಳಿಸಿದರೂ ಟ್ರಿಪ್ ಆಗುತ್ತಿದ್ದ ಮನೆ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯನ್ನು ಎರಡು ಮಳೆಗಾಲ ಸತಾಯಿಸಿದ್ದ ಟ್ರಿಪ್ಪಿಂಗ್‌ನ (ಕರೆಂಟು ತಾನಾಗಿ ಕಡಿದುಹೋಗುವುದರ) ಮೂಲವನ್ನು ಕಳೆದ ವರ್ಷ ಪುನರ್ವಸು ಮಳೆಯ ನಡುವೆ ನಾನು ಹುಡುಕಿ ತೆಗೆದೆ. ಎಂಸಿಬಿ (ಒಂದೊಂದು ಲೈನಿಗೂ ಇರುವ ಸುರಕ್ಷಾ ಸ್ವಿಚ್) ಎಲ್ಲ ಇಳಿಸಿದ ಮೇಲೂ ಟ್ರಿಪ್ ಆದರೆ ತಂತಿಗಳಲ್ಲಿ ಹುಡುಕಿ ಫಲವಿಲ್ಲ ಎಂದವರು ನಮ್ಮ ಕಸುಬಿನವರೇ ಆಗಿದ್ದರು. ಆದ್ದರಿಂದ ಮೆಗ್ಗರ್ (ತಂತಿಯ ಇನ್ಸುಲೇಶನ್ ಅಳೆಯುವ ಉಪಕರಣ) ಹಿಡಿದು ಅಭ್ಯಾಸವಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆರಿದ್ರಾ ಮಳೆ ಹಿಡಿದೊಡನೆ ಆ ಮನೆಯ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಹೋದ ಕರೆಂಟೂ ಮರಳಿದ ಕರೆಂಟೂ ಸಮವಾಗದೆ ಎಲ್ಲೋ ಸೋರಿದರೆ ಇಡೀ ಮನೆಯ ಲೈನ್ ಕಡಿಯುವ ಸ್ವಿಚ್) ಬೀಳಲು ತೊಡಗುತ್ತಿತ್ತು, ದೀಪಾವಳಿ ಕಳೆದ ಮೇಲೆ ತಾನಾಗಿಯೇ ನಿಲ್ಲುತ್ತಿತ್ತು. ಗೀಸರ್ ಹಾಕಿದಾಗ ಒಮ್ಮೆ, ಮಿಕ್ಸಿ ತಿರುಗಿಸಿದಾಗ ಒಮ್ಮೆ, ಏನನ್ನೂ ಹಾಕದೆ ಇರುವಾಗಲೂ ಸಂಜೆ ಏಳರ ಹೊತ್ತಿಗೆ ಬೀಳುತ್ತಿತ್ತು. ನಾನು ಹೋಗುವಷ್ಟರಲ್ಲಿ ಗೀಸರಿನ ಎಲಿಮೆಂಟ್ ಬದಲಾಗಿತ್ತು, ಮಿಕ್ಸಿ ಬದಲಾಗಿತ್ತು, ಆರ್‌ಸಿಸಿಬಿಯೂ ಎರಡು ಸಲ ಬದಲಾಗಿತ್ತು. ಒಟ್ಟು ಹದಿನಾಲ್ಕು ಹದಿನೈದು ಸಾವಿರ ರೂಪಾಯಿ ಖರ್ಚಾಗಿತ್ತೆಂದು ಯಜಮಾನರು ಹೇಳಿದರು. ಇಡೀ ಮನೆಗೆ ಹೊಸ ವೈರಿಂಗ್ ಮಾಡಲು ಸುಮಾರು ಎಂಬತ್ತು ಸಾವಿರದ ಲೆಕ್ಕವನ್ನೂ ಒಬ್ಬರು ಬರೆದುಕೊಟ್ಟು ಹೋಗಿದ್ದರು.

ಮೊದಲ ದಿನ ನಾನು ಎಂಟೂ ಎಂಸಿಬಿಗಳನ್ನು ಇಳಿಸಿ, ಆರ್‌ಸಿಸಿಬಿಯೊಂದನ್ನೇ ಎತ್ತಿಟ್ಟು ಸಂಜೆಯವರೆಗೆ ಅಲ್ಲೇ ಕುಳಿತೆ. ಏಳು ಗಂಟೆ ದಾಟುತ್ತಿದ್ದಂತೆ ಅದು ಬಿತ್ತು. ಜೊತೆಗಿದ್ದ ಹಳೆಯ ಎಲೆಕ್ಟ್ರಿಷಿಯನ್, "ಫೇಸೇ ಇಲ್ಲದ ಲೈನಿನಲ್ಲಿ ಲೀಕೇಜ್ ಎಲ್ಲಿಂದ ಬರಬೇಕು ಮಾರಾಯ್ರೆ, ಆರ್‌ಸಿಸಿಬಿಯೇ ಸರಿಯಿಲ್ಲ" ಎಂದರು. ನನಗೆ ಮಾತ್ರ ದೋಷ ನ್ಯೂಟ್ರಲ್ಲಿನಲ್ಲೇ ಇದೆಯೆಂದು ಅಲ್ಲಿಯೇ ನಂಬಿಕೆ ಬಂತು. ನಮ್ಮ ಮನೆಗಳ ಸಿಂಗಲ್ ಪೋಲ್ ಎಂಸಿಬಿ ಕರೆಂಟು ತರುವ ಫೇಸನ್ನು ಮಾತ್ರ ಕಡಿಯುತ್ತದೆ, ಕರೆಂಟು ಮರಳುವ ನ್ಯೂಟ್ರಲ್ ಹಾಗೆಯೇ ಉಳಿಯುತ್ತದೆ. ಸಂಜೆ ಊರಿನವರೆಲ್ಲ ಲೋಡ್ ಹಾಕುವ ಹೊತ್ತಿಗೆ ಆ ಉದ್ದನೆಯ ಲೈನಿನ ನ್ಯೂಟ್ರಲ್ಲಿಗೂ ಮನೆಯ ಅರ್ತಿಗೂ (ನೆಲಕ್ಕೆ ಹೋಗುವ ರಕ್ಷಣೆಯ ತಂತಿಗೂ) ನಡುವೆ ಆರು ವೋಲ್ಟಿನಷ್ಟು ತೋರುತ್ತಿತ್ತು. ಎಲ್ಲಾದರೂ ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಆರ್‌ಸಿಸಿಬಿ ಬೀಳಲು ಅಷ್ಟು ವೋಲ್ಟೇಜೇ ಸಾಕು.

ಇದನ್ನು ಅವರು ಒಪ್ಪಲಿಲ್ಲ. ಹಾಗಾಗಿ ಮರುದಿನ ಮಧ್ಯಾಹ್ನ, ಲೈನ್ ಹಗುರವಾಗಿರುವಾಗ, ನನ್ನ ಅಂಗಡಿಯಲ್ಲಿ ಒಂದು ಆರ್‌ಸಿಸಿಬಿಯನ್ನು ಹಲಗೆಗೆ ಕಟ್ಟಿ, ಅದರ ಹೊರಬದಿಯ ನ್ಯೂಟ್ರಲ್ಲನ್ನು ಬೇಕೆಂದೇ ಅರ್ತಿಗೆ ಜೋಡಿಸಿ ತೋರಿಸಿದೆ. ಅರುವತ್ತು ವ್ಯಾಟಿನ ಬಲ್ಬು ಹಾಕಿದಾಗ ಅದು ನಿಂತಿತು, ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ಬಿತ್ತು. ಇಸ್ತ್ರಿಪೆಟ್ಟಿಗೆಯಲ್ಲಿ ದೋಷವೇನೂ ಇರಲಿಲ್ಲ, ಮರಳುವ ಕರೆಂಟಿನ ಒಂದು ಪಾಲು ಅರ್ತಿಗೆ ಸೋರುತ್ತಿತ್ತು, ಲೋಡ್ ಹೆಚ್ಚಿದಾಗ ಆ ಪಾಲೂ ಹೆಚ್ಚಿತು, ಅಷ್ಟೆ. ಆ ಮನೆಯ ಗೀಸರಿನ ಮೇಲೆ, ಮಿಕ್ಸಿಯ ಮೇಲೆ ಬಂದ ದೂರೂ ಇಂಥದ್ದೇ ಆಗಿತ್ತು.

ಹುಡುಕುವ ಕೆಲಸ ಇಷ್ಟು ಸಲೀಸಾಗಿರಲಿಲ್ಲ. ಮೇನ್ ಇಳಿಸಿ, ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ನ್ಯೂಟ್ರಲ್ ಲಿಂಕಿನಿಂದ ಎಂಟು ತಂತಿಗಳನ್ನೂ ಕಳಚಿ, ಒಂದೊಂದನ್ನೇ 500 ವೋಲ್ಟಿನಲ್ಲಿ ಅರ್ತಿಗೆ ಮೆಗ್ಗರ್ ಮಾಡಿದಾಗ ಐದು ತಂತಿಗಳು ಇಪ್ಪತ್ತು ಮೆಗಾ ಓಂಗಿಂತ ಮೇಲೆ, ಒಂದು ಎರಡರ ಆಸುಪಾಸು ತೋರಿಸಿದವು, ಎರಡು ಸೊನ್ನೆ, ಎಂದರೆ ಅರ್ತಿಗೆ ತಾಗಿವೆ ಎಂದು, ತೋರಿಸಿದವು. ಎರಡು ಕಡೆ ದೋಷವಿದೆಯೆಂದು ತಿಳಿದು ಅರ್ಧ ದಿನ ಕಳೆದುಕೊಂಡೆ. ಮೆಟ್ಟಿಲ ಬಳಿಯ ಸ್ವಿಚ್ ಬೋರ್ಡಿನಲ್ಲಿ ಯಾರೋ ಎರಡು ಸರ್ಕ್ಯೂಟುಗಳ ನ್ಯೂಟ್ರಲ್ಲನ್ನು ಒಟ್ಟಿಗೆ ತಿರುವಿ ಟೇಪ್ ಸುತ್ತಿದ್ದರು. ಅದನ್ನು ಬಿಡಿಸಿದ ಮೇಲೆ ಅಡಿಕೆ ಅಂಗಳದ ದೀಪದ ಲೈನ್ ಒಂದೇ ಸೊನ್ನೆಯಲ್ಲಿ ಉಳಿಯಿತು. ಮಲ್ಟಿಮೀಟರಿನಲ್ಲಿ ಅದು ಸುಮಾರು 200 ಓಂ ತೋರಿಸಿತು.

ಮೆಗ್ಗರ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮೂರು ವರ್ಷದ ಹಿಂದೆ ಬೇರೊಂದು ಮನೆಯಲ್ಲಿ ಅವಸರದಿಂದ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 500 ವೋಲ್ಟ್ ಕೊಟ್ಟು ಅವರ ಟಿವಿಯ ಕಾರ್ಡನ್ನು ಸುಟ್ಟಿದ್ದೆ, ಮೂರು ಸಾವಿರದ ಚಿಲ್ಲರೆ ಕೈಯಿಂದ ಕೊಟ್ಟೆ. ಈಗ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಇನ್ವರ್ಟರ್ ಬಿಡಿಸಿದ ಮೇಲೆಯೇ ಮೆಗ್ಗರ್ ಹಚ್ಚುತ್ತೇನೆ.

ಅಂಗಳದ ದೀಪದ ತಂತಿಯ ಪೈಪು ನೆಲದಡಿ ಸುಮಾರು ನಲವತ್ತು ಅಡಿ ಹೋಗಿತ್ತು. ಎಲ್ಲವನ್ನೂ ಅಗೆಯದೆ ದೋಷದ ಜಾಗವನ್ನು ಮೂರು ನಾಲ್ಕು ಅಡಿಯೊಳಗೆ ಅಂದಾಜು ಮಾಡುವ ಉಪಾಯವೊಂದನ್ನು ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಎರಡನೆಯ ಗುಂಡಿಯಲ್ಲಿಯೇ ಜಾಯಿಂಟ್ ಸಿಕ್ಕಿತು. ಪೈಪನ್ನು ಕೊಯ್ದಾಗ ಲೋಟದಷ್ಟು ಕೆಂಪು ನೀರು ಸುರಿಯಿತು. ಟೇಪು ಅಂಟು ಬಿಟ್ಟು ಬಳೆಯಂತೆ ಸಡಿಲವಾಗಿತ್ತು, ನ್ಯೂಟ್ರಲ್ಲಿನ ತಾಮ್ರಕ್ಕೂ ಬರಿಯ ಅರ್ತ್ ತಂತಿಗೂ ನಡುವೆ ಹಸಿರು ಕಿಲುಬು ಕೆಸರಿನಂತೆ ತುಂಬಿಕೊಂಡಿತ್ತು. ಫೇಸಿನ ಜಾಯಿಂಟ್ ಮಾತ್ರ ಒಂದು ಗೇಣು ಆಚೆಗಿದ್ದು ಒಣಗಿಯೇ ಇತ್ತು. ಅಂಗಳದ ದೀಪ ಹಾಕಿದಾಗ ಟ್ರಿಪ್ ಆಗದಿದ್ದುದರಿಂದ ಯಾರಿಗೂ ಆ ಲೈನಿನ ಮೇಲೆ ಅನುಮಾನವೇ ಬಂದಿರಲಿಲ್ಲ. ಆ ತುಂಡನ್ನು ಕಡಿದು ತಂದು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಿಸಿ ಮತ್ತೆ ಅಳೆದೆ. ಆಗ ಅದು ನಲವತ್ತು ಕಿಲೋ ಓಂ ದಾಟಿತ್ತು. ದೀಪಾವಳಿಯ ನಂತರ ತೊಂದರೆ ನಿಲ್ಲುತ್ತಿದ್ದುದಕ್ಕೆ ಕಾರಣ ಇದೇ.

ಜಾಯಿಂಟೇ ಇಲ್ಲದಂತೆ ಅಂಗಳಕ್ಕೆ ಹೊಸ ತಂತಿ ಎಳೆದೆ. ತಂತಿ, ಪೈಪು, ಅಗೆಯುವ ಆಳಿನ ಕೂಲಿ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ನನ್ನ ಮೂರು ದಿನದ ಮಜೂರಿ ನಾಲ್ಕೂವರೆ ಸಾವಿರ. ಯಜಮಾನರು ಮೇಲೆ ಐನೂರು ಸೇರಿಸಿ ಕೊಟ್ಟರು. ಎಂಬತ್ತು ಸಾವಿರದ ವೈರಿಂಗ್ ಮಾಡಿಸಿದ್ದರೂ ನೆಲದಡಿಯ ಆ ಪೈಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಬರೆದುಕೊಟ್ಟ ಲೆಕ್ಕದ ಚೀಟಿಯನ್ನು ನಾನೇ ಓದಿದ್ದೇನೆ, ಅದರಲ್ಲಿ ಅಂಗಳದ ಹೆಸರೇ ಇರಲಿಲ್ಲ.

ಈ ವರ್ಷ ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆಗಳು ಜೋರಾಗಿಯೇ ಸುರಿದವು. ಆರ್‌ಸಿಸಿಬಿ ಒಮ್ಮೆಯೂ ಬಿದ್ದಿಲ್ಲ. ಎರಡು ಮೆಗಾ ಓಂ ತೋರಿಸಿದ್ದು ಕೊಟ್ಟಿಗೆಯ ಲೈನ್. ಅದು ಈಗ ಒಂದೂವರೆಗೆ ಇಳಿದಿದೆ, ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನೂ ಬಿಚ್ಚಬೇಕೆಂದು ಹೇಳಿ ಬಂದಿದ್ದೇನೆ.