ಮಕ್ಕಳ ರೂಮಿನ ಗೋಡೆಗೆ ಹುಣಸೆ ಮರ ಬಂತು

ಮಂಡ್ಯದಲ್ಲಿ ನಮ್ಮದು ಮಾವನವರು ಕಟ್ಟಿಸಿದ ಹಳೇ ಮನೆ. ಮಕ್ಕಳಿಬ್ಬರೂ ಮಲಗುವುದು ಹಿತ್ತಲ ಕಡೆಯ ಪುಟ್ಟ ರೂಮಿನಲ್ಲಿ, 10 ಅಡಿ ಉದ್ದ, 10 ಅಡಿ ಅಗಲ. ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು. "ನಮ್ಮ ರೂಮೂ ಚೆನ್ನಾಗಿ ಮಾಡಿಕೊಡಮ್ಮ" ಅಂತ ಮಗಳು ಒಂದು ವರ್ಷದಿಂದ ಕೇಳುತ್ತಿದ್ದಳು. ಕಳೆದ ಬೇಸಿಗೆಯಲ್ಲಿ 5,000 ರೂಪಾಯಿ ಎತ್ತಿಟ್ಟುಕೊಂಡು ಕೈ ಹಾಕಿದೆ.

ಮೊದಲು ಗೋಡೆ ವಿಷಯ. ಹಿತ್ತಲ ಗೋಡೆಗೆ ನೆಲದಿಂದ ಮೂರಡಿ ತನಕ ತೇವ ಹತ್ತಿತ್ತು. ಎರಡು ವರ್ಷದ ಹಿಂದೆ ಒಬ್ಬ ಪೇಂಟರ್ ಕೈಲಿ ಅದರ ಮೇಲೇ ಪಟ್ಟಿ (ಗೋಡೆ ನುಣುಪು ಮಾಡುವ ಪುಟ್ಟಿ) ಹಾಕಿಸಿ ಬಣ್ಣ ಹೊಡೆಸಿದ್ದೆವು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಮಗನ ಹಾಸಿಗೆ ತುಂಬಾ ಬಿಳಿ ಪುಡಿ. ರಾತ್ರಿ ಅವನು ಕೆಮ್ಮುವಾಗ ನನಗೆ ಆ ಗೋಡೆ ಮೇಲೇ ಕಣ್ಣು. ಅದಕ್ಕೇ ಈ ಸಲ ನಿರ್ಧಾರ ಮಾಡಿದ್ದೆ: ಗೋಡೆ ಸರಿಯಾಗುವ ತನಕ ಒಂದು ಸ್ಟಿಕ್ಕರ್ ಕೂಡ ತರುವುದಿಲ್ಲ.

ತೇವ ಎಲ್ಲಿಂದ ಬರುತ್ತಿದೆ ಅಂತ ಹೊರಗೆ ಹೋಗಿ ನೋಡಿದರೆ, ಹಿತ್ತಲ ಮಣ್ಣು ವರ್ಷಾನುಗಟ್ಟಲೆ ಗೋಡೆಗೆ ಒರಗಿಕೊಂಡು ಒಂದಡಿ ಏರಿತ್ತು. ಬಟ್ಟೆ ಒಗೆಯುವ ಕಲ್ಲಿನ ನೀರೂ ಅಲ್ಲೇ ಇಂಗುತ್ತಿತ್ತು. ನಮ್ಮವರು ಎರಡು ಭಾನುವಾರ ಕೂತು ಮಣ್ಣು ತೆಗೆದು, ನೀರು ಆಚೆ ಹೋಗುವ ಹಾಗೆ ಕಾಲುವೆ ಮಾಡಿದರು. ಒಳಗೆ ನಾನು ಹಳೇ ಪಟ್ಟಿಯನ್ನೆಲ್ಲ ಗಾರೆ ಕಾಣುವ ತನಕ ಕೆರೆದೆ. ಮೂರು ವಾರ ಕಿಟಕಿ ತೆಗೆದು, ಫ್ಯಾನ್ ಹಾಕಿ, ಹಾಗೇ ಬಿಟ್ಟೆವು. ಏಪ್ರಿಲ್ ಬಿಸಿಲು ನಮಗೆ ಒಳ್ಳೆಯದೇ ಮಾಡಿತು.

ಆಮೇಲೆ ಏನು ಹೊಡೆಯುವುದು? ಅತ್ತೆ ಹೇಳಿದರು, "ಪಟ್ಟಿಗಿಟ್ಟಿ ಬ್ಯಾಡ ಕಣವ್ವ, ಕೆಳಗೆ ಸುಣ್ಣ ಹೊಡಿ. ಗೋಡೆ ಉಸಿರಾಡ್ಬೇಕು." ಅವರ ಮಾತು ನೂರಕ್ಕೆ ನೂರು ಸರಿ. ಪಟ್ಟಿ, ಬಣ್ಣ ಹೊದ್ದ ಗೋಡೆಯಲ್ಲಿ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಗೋಡೆಯೊಳಗಿನ ಉಪ್ಪು ನೀರಿನ ಜೊತೆ ಬಂದು, ಒಣಗಿ ಉಬ್ಬಿ, ಬಣ್ಣವನ್ನು ತಳ್ಳುತ್ತದೆ. ಸುಣ್ಣ ಹಾಗಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ಬೂಷ್ಟು ಕೂಡ ಸುಣ್ಣದ ಮೇಲೆ ಸುಲಭಕ್ಕೆ ಹತ್ತುವುದಿಲ್ಲ.

ಪೇಟೆ ಬೀದಿಯಿಂದ ಸುಣ್ಣದ ಕಲ್ಲು ತಂದು ಹಿತ್ತಲಲ್ಲಿ ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿಟ್ಟೆ. ಮಕ್ಕಳನ್ನು ಬಾಗಿಲ ಹೊಸ್ತಿಲಿನಿಂದ ಈಚೆ ಬರಬಾರದು ಅಂತ ನಿಲ್ಲಿಸಿದ್ದೆ. ಒಂದೊಂದೇ ಕಲ್ಲು ನೀರಿಗೆ ಬಿಟ್ಟ ಹಾಗೆ ಅದು ಸುಂಯ್ ಅಂದು, ಒಡೆದು, ಕೊತಕೊತ ಕುದಿಯಲು ಶುರುವಾಯಿತು. ಹೊಗೆ ಮೇಲೆ ಎದ್ದಿತು. "ಅಮ್ಮಾ, ಒಲೆನೇ ಇಲ್ಲ, ಹೆಂಗ್ ಕುದೀತದೆ?" ಅಂತ ಮಗ ಕಣ್ಣು ಬಿಟ್ಟುಕೊಂಡು ಕೇಳಿದ. ನೀರು ಸೇರಿದರೆ ಈ ಕಲ್ಲಿನಿಂದಲೇ ಬಿಸಿ ಹುಟ್ಟುತ್ತದೆ ಅಂದೆ. ಇಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು. ಕಲ್ಲನ್ನು ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಬಿದ್ದರೆ ಆಟವಲ್ಲ.

ಎರಡು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಸ್ವಲ್ಪ ಫೆವಿಕಾಲ್ ಬೆರೆಸಿದೆ. ಬೆರಳಿಗೆ ಬರಬಾರದಲ್ವಾ, ಅದಕ್ಕೆ. ಗೋಡೆಗೆ ನೀರು ಚಿಮುಕಿಸಿ ಮೂರು ಕೋಟ್ ಹೊಡೆದೆ, ಒಂದು ಅಡ್ಡ, ಒಂದು ಉದ್ದ, ಮತ್ತೆ ಅಡ್ಡ. ಹೊಡೆಯುವಾಗ ನೀರಿನ ಹಾಗೆ ಕಾಣುತ್ತದೆ, ಏನೂ ಹತ್ತಿಲ್ಲ ಅನ್ನಿಸಿ ದಪ್ಪ ಮಾಡಲು ಹೋಗಬೇಡಿ. ಒಣಗಿದ ಮೇಲೆ ಬೆಳ್ಳಗೆ ಬೆಳಗುತ್ತದೆ. ದಪ್ಪ ಹೊಡೆದರೆ ಸಿಪ್ಪೆ ಏಳುತ್ತದೆ. ಆದರೂ ಮಕ್ಕಳು ಗೋಡೆಗೆ ಒರಗುತ್ತಾರಲ್ಲ, ಹಾಸಿಗೆ ಪಕ್ಕಕ್ಕೆ ಒಂದು ಚಾಪೆಯನ್ನು ನೇತು ಹಾಕಿದೆ. ಗಾಳಿಯೂ ಆಡುತ್ತದೆ, ನೋಡಲೂ ಚೆಂದ.

ಸುಣ್ಣದ ಮೇಲಿನ ಭಾಗಕ್ಕೂ ಉಳಿದ ಮೂರು ಗೋಡೆಗೂ ಪ್ರೈಮರ್, ಅದರ ಮೇಲೆ ಡಿಸ್ಟೆಂಪರ್. ಬಿಳಿ ಡಿಸ್ಟೆಂಪರ್ ತಂದು ಸ್ಟೈನರ್, ಅಂದರೆ ಬೆರೆಸುವ ಗಟ್ಟಿ ಬಣ್ಣ, ಹಾಕಿ ತಿಳಿ ನೀಲಿ ಮಾಡಿಕೊಂಡೆ. ಬೇಕಾದಷ್ಟನ್ನೂ ಒಂದೇ ಸಲ ಕಲಸಿಕೊಳ್ಳಿ. ಎರಡನೇ ಸಲ ಕಲಸಿದ್ದು ಮೊದಲಿನ ಬಣ್ಣಕ್ಕೆ ಹೊಂದುವುದೇ ಇಲ್ಲ. ರಟ್ಟಿನ ಮೇಲೆ ಬಳಿದು, ಒಣಗಿದ ಮೇಲೇ ಬಣ್ಣ ನೋಡಿ ಒಪ್ಪಿಕೊಳ್ಳಿ.

ಕಿಟಕಿ ಮಾವನವರ ಕಾಲದ್ದು, ಅದರ ಮೇಲೆ ಎಷ್ಟು ಸಲ ಆಯಿಲ್ ಪೇಂಟ್ ಆಗಿದೆಯೋ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಮಕ್ಕಳ ಮೆದುಳಿಗೆ ಅದು ವಿಷ. ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಾಗಾಗಿ ಒಣ ಉಪ್ಪು ಕಾಗದ ಹಾಕಿ ಉಜ್ಜಲಿಲ್ಲ. ನೀರಿನಲ್ಲಿ ನೆನೆಸಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆದೆ. ಎರಡು ದಿನ ಮಕ್ಕಳನ್ನು ರೂಮಿನ ಹತ್ತಿರ ಬಿಡಲಿಲ್ಲ. ಹೊಸ ಡಬ್ಬಿ ತರುವಾಗ ಸೀಸದ ಬಗ್ಗೆ ಬರೆದಿರುವುದನ್ನು ಓದಿಯೇ ತಂದೆ.

ಉಳಿದದ್ದು ಸುಲಭ. ಅತ್ತೆಯ ಹತ್ತಿ ಸೀರೆ ಐದೂವರೆ ಮೀಟರ್, ಅದರಲ್ಲಿ ಮೂರು ತುಂಡು. ಎರಡು ಕಿಟಕಿ ಪರದೆಗೆ, ಸೆರಗಿನ ತುಂಡು ತೆರೆದ ಗೂಡು ಮುಚ್ಚಲು. ಮಾರ್ಕೆಟ್ಟಿನಿಂದ ಹಣ್ಣಿನ ನಾಲ್ಕು ಮರದ ಪೆಟ್ಟಿಗೆ ತಂದು, ಮೊಳೆ ಬಡಿದು ಮಟ್ಟ ಮಾಡಿ, ಉಜ್ಜಿ, ಪುಸ್ತಕದ ಶೆಲ್ಫ್ ಮಾಡಿದೆ. ಗೋಡೆಗೆ ಕ್ಲಾಂಪ್ ಹಾಕಿ ಸ್ಕ್ರೂ ಬಿಗಿಸಿದ್ದೇವೆ. ಮಕ್ಕಳು ಹತ್ತಿಯೇ ಹತ್ತುತ್ತಾರೆ.

ಈಗ ಮರದ ವಿಷಯ. ಮಗಳಿಗೆ ಗೋಡೆ ಮೇಲೆ ರಾಜಕುಮಾರಿ ಸ್ಟಿಕ್ಕರ್ ಬೇಕಿತ್ತು. ಆ ವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಊರೊಳಗೇ, ಮನೆಗಳ ಪಕ್ಕದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಗೂಡು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಅಂತ ಆ ಊರಿನವರು ಈ ಹಕ್ಕಿಗಳನ್ನು ನೋಡಿಕೊಳ್ಳುತ್ತಾರೆ. "ಅದನ್ನೇ ಬರೆಯೋಣ್ವಾ?" ಅಂದೆ. ಇಬ್ಬರೂ ಕುಣಿದಾಡಿದರು.

ಇದ್ದಿಲಿನಲ್ಲಿ ಕಾಂಡ, ಕೊಂಬೆ ನಾನು ಎಳೆದೆ. ಕಂದು ಬಣ್ಣಕ್ಕೆ ಉಳಿದ ಡಿಸ್ಟೆಂಪರ್ ಮತ್ತು ಸ್ಟೈನರ್ ಸಾಕಾಯಿತು. ಎಲೆಗೆ ಬೆಂಡೆಕಾಯಿ! ಅಡ್ಡಕ್ಕೆ ಕತ್ತರಿಸಿ, ಹಸಿರಿನಲ್ಲಿ ಅದ್ದಿ, ತಟ್ಟೆ ಅಂಚಿಗೆ ಒಮ್ಮೆ ತಟ್ಟಿ, ಗೋಡೆಗೆ ಒತ್ತಿದರೆ ಐದು ಮೂಲೆಯ ಪುಟ್ಟ ಎಲೆಗೊಂಚಲು. ಮಗ ಕಾಂಡದ ಸುತ್ತ, ಅಕ್ಕ ಸ್ಟೂಲ್ ಹತ್ತಿ ಮೇಲೆ. ಬೆಂಡೆಕಾಯಿ ಮೆತ್ತಗಾದ ಹಾಗೆ ಹೊಸದು ಕತ್ತರಿಸಿ ಕೊಟ್ಟೆ. ಕಾಲು ಕೆಜಿ ಹಿಡಿಯಿತು. ಕೊಕ್ಕರೆಯ ಹಳದಿ ಕೊಕ್ಕು, ಬಾಲದ ಹತ್ತಿರದ ಗುಲಾಬಿ ಗರಿ ಮಗಳೇ ಬರೆದಳು. ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಮಗ ಬರೆದದ್ದು, ಹಕ್ಕಿಗಿಂತ ಚೀಲವೇ ದೊಡ್ಡದಾಗಿದೆ. ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಒಟ್ಟು ಖರ್ಚು 4,350 ರೂಪಾಯಿ, ಅದರಲ್ಲಿ 2,700 ಗೋಡೆಗೇ ಹೋಯಿತು. ಮಳೆಗಾಲ ಕಳೆಯಿತು, ಕೆಳಗಿನ ಸುಣ್ಣದಲ್ಲಿ ಒಂದು ಕಡೆ ಮಾತ್ರ ಅಂಗೈಯಷ್ಟು ಕಲೆ. ಆ ಜಾಗಕ್ಕೆ ಮತ್ತೊಂದು ಕೋಟ್ ಹೊಡೆದೆ. ಈ ಫೆಬ್ರವರಿಯಲ್ಲಿ ಮತ್ತೆ ಬೆಳ್ಳೂರಿಗೆ ಹೋಗಿ ಬಂದೆವು. ಅವತ್ತು ಸಂಜೆಯೇ ಮಗ ಬಣ್ಣದ ತಟ್ಟೆ ಹುಡುಕಿಕೊಂಡು ಕೂತ. ಗೂಡಿನಲ್ಲಿ ಈಗ ಎರಡು ಮರಿಗಳಿವೆ.