ಲಂಡನ್ನಿನ ಆಲ್ ಸೇಂಟ್ಸ್ ಚರ್ಚ್ ಹೆಂಗ ನೋಡಬೇಕು: ಬೀದರ್, ಕಲಬುರಗಿ ಹುಡುಗರಿಗಿ
ನಮ್ಮ ಕಡಿಂದ ಓದಲಿಕ್ಕ ಲಂಡನ್‌ಗೆ ಹೋಗೋರು ಈಗ ಭಾಳ ಮಂದಿ ಆಗ್ಯಾರ, ಅದರಾಗ ನಮ್ಮ ಮೆಥಡಿಸ್ಟ್ ಮನಿ ಹುಡುಗರೂ ಇದ್ದಾರ, ಅವರಿಗಿ ಇದು. ಆಕ್ಸ್‌ಫರ್ಡ್ ಸರ್ಕಸ್ ಸ್ಟೇಷನ್ ಇಳಿದು ನಡಕೊಂಡೇ ಮಾರ್ಗರೆಟ್ ಸ್ಟ್ರೀಟಿಗಿ ಹೋಗ್ರಿ, ಅಲ್ಲೇ ಅದ ಆಲ್ ಸೇಂಟ್ಸ್. ಇದು ಆಂಗ್ಲೋ-ಕ್ಯಾಥೊಲಿಕ್ ಚರ್ಚ್, ಅಂದ್ರ ಚರ್ಚ್ ಆಫ್ ಇಂಗ್ಲೆಂಡಿಂದೇ, ಪೋಪ್ ಕೈಕೆಳಗಿಲ್ಲ, ಆದ್ರ ಧೂಪ, ಗಂಟಿ, ಜರಿ ನಿಲುವಂಗಿ ಎಲ್ಲಾ ಇರ್ತದ. ಚರ್ಚ್ ಆಫ್ ಇಂಗ್ಲೆಂಡಿನಾಗ ಹಳೇ ಕ್ಯಾಥೊಲಿಕ್ ಪದ್ಧತಿ ತಿರುಗಿ ತರಬೇಕಂತ 1833ರಾಗ ಆಕ್ಸ್‌ಫರ್ಡ್‌ದಾಗ ಎದ್ದ ಚಳವಳಿ ಇದರ ಬೇರು. ವಿಲಿಯಂ ಬಟರ್‌ಫೀಲ್ಡ್ ಪ್ಲಾನ್ ಮಾಡಿದ್ದು, 1850ಕ್ಕ ಅಡಿಗಲ್ಲು, 1859ಕ್ಕ ಪ್ರತಿಷ್ಠೆ.

ಖಾಲಿ ಇದ್ದಾಗ ಹೋಗಿ ಬರೇ ಫೋಟೋ ಹೊಡ್ಕೊಂಡು ಬರಬ್ಯಾಡ್ರಿ. ಸಂಡೇ ಮುಂಜಾನಿ 11ರ ಹೈ ಮಾಸ್‌ಗೆ, ಅಂದ್ರ ಹಾಡು, ಧೂಪದ ಜೋಡಿ ನಡೆಯೋ ಕರ್ತನ ಭೋಜನದ ದೊಡ್ಡ ಆರಾಧನೆಗೆ ಹೋಗ್ರಿ, ಅರ್ಧ ತಾಸು ಮೊದಲೇ. ಆ ಕಟ್ಟಡ ಆರಾಧನೆಗಂತಲೇ ಕಟ್ಟಿದ್ದು, ಆರಾಧನೆ ನಡೆಯೋವಾಗೇ ಅದು ತಿಳೀತದ.

ಮೊದಲ ಹೊರಗ ಅಂಗಳದಾಗ ನಿಂತು ತಲಿ ಎತ್ರಿ. ಜಾಗ ಭಾಳ ಇಕ್ಕಟ್ಟು, ಅದಕ್ಕೇ ಎರಡೂ ಬಾಜು ಮನಿ ಕಟ್ಟಿ ಚರ್ಚನ್ನ ಹಿಂದಕ್ಕ ಸರಿಸಿ ಬಟರ್‌ಫೀಲ್ಡ್ ಗೋಪುರ ಮಾತ್ರ 227 ಫೂಟ್ ಮ್ಯಾಲಕ್ಕ ಒಯ್ದಾನ. ಕೆಂಪು ಇಟ್ಟಂಗಿ ನಡುವ ಕರಿ ಇಟ್ಟಂಗಿ ಪಟ್ಟಿ, ಗಿಲಾವ್ ಇಲ್ಲ, ಹಚ್ಚಿದ ಬಣ್ಣ ಅಲ್ಲ, ಇಟ್ಟಂಗಿದೇ ಬಣ್ಣ.

ಒಳಗ ಹೋದಕೂಡ್ಲೆ ಕತ್ತಲಿ ಅನಸ್ತದ, ಕಣ್ಣು ಹೊಂದೋತನಕ ಸುಮ್ಮ ಕೂಡ್ರಿ. ಆಮ್ಯಾಲ ಎಡಕ್ಕ ಉತ್ತರದ ಗೋಡಿ ನೋಡ್ರಿ, ನಡುವ ಕ್ರಿಸ್ತನ ಜನನ, ಆಜುಬಾಜು ಭಕ್ತರು ಪ್ರವಾದಿಗಳು, ಎಲ್ಲಾ ಟೈಲ್ಸ್ ಮ್ಯಾಲ ಬರೆದದ್ದು, 1873ರದ್ದು. ಮಗ್ಗಲದಾಗೇ ಬ್ಯಾರೆಯವರ ಕಟ್ಟಡ, ಆ ಕಡಿ ಕಿಡಕಿ ಇಡಲಿಕ್ಕ ಜಾಗ ಇಲ್ಲ, ಬಣ್ಣ ಗಾಜಿನ ಕೆಲಸ ಟೈಲ್ಸ್ ಮಾಡ್ತಾವ. ಮಹಮೂದ್ ಗಾವಾನ್ ಮದರಸಾದ ಗೋಡಿ ಮ್ಯಾಲ ಉಳಿದ ನೀಲಿ ಟೈಲ್ಸ್ ನೋಡಿ ಬೆಳೆದೋರಿಗಿ ಇದು ಲಗೂ ಹಿಡಿಸ್ತದ ಅಂತ ನನಗ ಖಾತ್ರಿ ಅದ.

ಮುಂದ ಪೂರ್ವದ ಗೋಡಿಗೂ ಕಿಡಕಿ ಇಲ್ಲ, ಮ್ಯಾಲಿನತನಕ ಬಂಗಾರ ಬಣ್ಣದಾಗ ಭಕ್ತರ ಚಿತ್ರ. ವೇದಿ ಮ್ಯಾಲ ಒಂದು ಬೆಳ್ಳಿ ಪಾತ್ರಿ ತೂಗತಿರ್ತದ, ಅದರಾಗ ಕರ್ತನ ಭೋಜನದ ರೊಟ್ಟಿ ಇಟ್ಟಿರ್ತಾರ, ಅದಕ್ಕೇ ಮಂದಿ ಸೀಟಿಗಿ ಹೋಗೋಮುಂದ ಒಂದು ಮೊಣಕಾಲು ಊರತಾರ, ನೀವು ತಲಿ ಬಾಗಿಸಿದ್ರೂ ಸಾಕು.

ಮಾಸ್ ಶುರುವಾದಮ್ಯಾಲ ಮುಂದಿನ ಸಾಲಿನೋರು ಎದ್ರ ಏಳ್ರಿ, ಕೂತ್ರ ಕೂಡ್ರಿ. ಸುವಾರ್ತೆ ಓದೋಮುಂದ ಮೇಣಬತ್ತಿ, ಧೂಪ ಹಿಡ್ಕೊಂಡು ಬರ್ತಾರ, ಆಗ ನಿಂತು ಪುಸ್ತಕದ ಕಡಿ ಮುಖ ಮಾಡ್ರಿ. ಫಾದರ್ ವೇದಿ ಕಡಿ ಮುಖ ಮಾಡಿ ನಮಗ ಬೆನ್ನು ಕೊಟ್ಟು ನಿಂದರ್ತಾರ, ನಮ್ಮ ಚರ್ಚಿನಾಗ ನೋಡಿದ್ದಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಅವರೂ ನಾವೂ ಕೂಡಿ ದೇವರ ಕಡಿ ತಿರುಗಿ ನಿಂತೀವಿ ಅಂತ ಅದರ ಅರ್ಥ, ಇಡೀ ಕಟ್ಟಡಾನೂ ಅದೇ ದಿಕ್ಕಿಗಿ ಎಳೀತದ. ರೊಟ್ಟಿ ಎತ್ತಿದಾಗ ಗಂಟಿ ಬಾರಿಸ್ತಾರ, ಆಗ ಮಾತ್ರ ಮೊಬೈಲ್ ಕೈಯಾಗ ಇರಲೇಬಾರದು.

ದೀಕ್ಷಾಸ್ನಾನ ಆಗಿ ನಿಮ್ಮ ಚರ್ಚಿನಾಗ ಭೋಜನ ತಗೋತಿದ್ರ ಇಲ್ಲೂ ತಗೋಬಹುದು, ಬಲಗೈ ಎಡಗೈ ಮ್ಯಾಲ ಇಟ್ಟು ಚಾಚ್ರಿ. ಇಲ್ಲಾಂದ್ರ ಎದಿ ಮ್ಯಾಲ ಕೈ ಕಟ್ಟಿ ಹೋದ್ರ ಆಶೀರ್ವಾದ ಮಾಡ್ತಾರ. ಕ್ರೈಸ್ತರಲ್ಲದ ದೋಸ್ತರು ಸೀಟಿನಾಗೇ ಕೂಡಬಹುದು.

ದಮ್ಮಿನ ಬ್ಯಾನಿ (ಅಸ್ತಮಾ) ಇದ್ದೋರು ಬಾಗಲ ಹತ್ರದ ಸೀಟು ಹಿಡೀರಿ, ಧೂಪದ ಹೊಗಿ ಜೋರ ಇರ್ತದ.