ಮನೆಯಲ್ಲಿ ಯಾರಿಗಾದರೂ ಫ್ಲೂ ಇದ್ದರೆ ಫ್ಯಾನನ್ನು ಹೊರಗೆ ತಿರುಗಿಸಿ
ಜ್ವರ, ಕೆಮ್ಮು ಇರುವವರ ರೂಮಿನ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ, ಹಾಲ್‌ನಲ್ಲಿ ಒಂದು ಕಿಟಕಿ ತೆರೆದಿಡಿ, ರೂಮಿನ ಬಾಗಿಲಿಗೆ ಸ್ವಲ್ಪವೇ ಸಂದಿ ಬಿಡಿ. ಕೆಮ್ಮಿದಾಗ, ಮಾತಾಡಿದಾಗ ಬರುವ ತೀರಾ ಸಣ್ಣ ಹನಿಗಳು ಬೀಡಿ ಹೊಗೆಯ ಹಾಗೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಹೀಗೆ ಮಾಡಿದರೆ ಗಾಳಿ ಹಾಲ್‌ನಿಂದ ರೂಮಿಗೆ, ಅಲ್ಲಿಂದ ಹೊರಗೆ ಹೋಗುತ್ತದೆ, ಉಳಿದವರ ಕಡೆ ಬರುವುದು ಕಡಿಮೆ. ಸೀಲಿಂಗ್ ಫ್ಯಾನ್ ಸುಮ್ನೆ ಅದೇ ಗಾಳಿಯನ್ನು ತಿರುಗಿಸುತ್ತದೆ, ಸ್ಪ್ಲಿಟ್ ಎಸಿಯೂ ಅಷ್ಟೇ. ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದು ನೋಡಿ, ಹೊಗೆ ರೂಮಿನೊಳಗೆ ಹೋದರೆ ಸರಿ. ಹೊರಗಿನ ಗಾಳಿ ಜೋರಾಗಿ ಅದೇ ಕಿಟಕಿಗೆ ಬಡಿಯುತ್ತಿದ್ದರೆ ಕೆಲಸ ಮಾಡುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಕಿಟಕಿ ಡಕ್ಟ್ (ಮನೆಗಳ ನಡುವೆ ಗಾಳಿಗೆಂದು ಬಿಟ್ಟ ಕಿರಿದಾದ ಜಾಗ) ಕಡೆಗಿದ್ದರೆ ಮಾಡಲೇಬೇಡಿ, ಪಕ್ಕದವರ ಮನೆಗೆ ಕಳಿಸಿದ ಹಾಗೆ ಅಲ್ವಾ! ಹತ್ತಿರ ಕೂತು ಗಂಜಿ ಕುಡಿಸುವವರಿಗೆ ಮಾಸ್ಕ್ ಬೇಕೇ ಬೇಕು.